ಮುಂದಿನ ಕೋಣೆಯ ಆಂಪ್ಲಿಫೈಯರ್ ಗುಂಯ್‌ಗುಡುತ್ತಿರುವ ಬಗ್ಗೆ

ಮನೆ ಆಡಳಿತ ಇಲಾಖೆ
(ಮುಂದಿನ ಕೋಣೆ ಶಾಖೆ)

ಸಂಖ್ಯೆ: ಮಆಇ/ಮುಕೋ/ಗುಂಯ್/೧
ದಿನಾಂಕ: ಶುಕ್ರವಾರ, ಬಟ್ಟೆ ಒಗೆದಾದ ಮೇಲೆ

ಸುತ್ತೋಲೆ

ವಿಷಯ: ಹಳೆಯ ಆಂಪ್ಲಿಫೈಯರಿನ ಟ್ರಾನ್ಸ್‌ಫಾರ್ಮರ್ ಮಾಡುತ್ತಿರುವ ಶಬ್ದದ ಕಾರಣ ಪತ್ತೆ ಹಚ್ಚುವ ಹಾಗೂ ಅದರ ತಲೆಯ ಮೇಲೆ ಭಾರ ಹೇರುವುದನ್ನು ನಿಲ್ಲಿಸುವ ಕುರಿತು.

ಉಲ್ಲೇಖ:
೧) ಅತ್ತೆಯವರ ಮೌಖಿಕ ದೂರು: "ಏನಮ್ಮಾ ಇದು, ಗೋಡೆಯೊಳಗೆ ದುಂಬಿ ಹೊಕ್ಕ ಹಾಗಿದೆ!"
೨) ಮೈದುನನ ಪ್ರಸ್ತಾವನೆ: "ಭಾನುವಾರ ಗುಜರಿಯವನು ಬರ್ತಾನೆ. ಕೊಟ್ಟು ಕೈ ತೊಳ್ಕೊಳ್ಳೋಣ ಅತ್ತಿಗೆ."
೩) ಮಾವನವರ ಅಭಿಪ್ರಾಯ: "ಯಾವ ಶಬ್ದ?"

ಪೀಠಿಕೆ: ಸದರಿ ಆಂಪ್ಲಿಫೈಯರ್ ಈ ಮನೆಯ ಹಿರಿಯ ಮಗನಿಗೆ ಸೇರಿದ್ದು. ಅದು ಕೆಟ್ಟಾಗಲೆಲ್ಲ ಅವರೇ ಬಿಚ್ಚಿ, ಅವರೇ ಸರಿಪಡಿಸಿ, ಅವರೇ ಮುಚ್ಚುತ್ತಿದ್ದರು. ಕಳೆದ ವರ್ಷ ಅವರು ತೀರಿಕೊಂಡ ನಂತರ ಆ ಹುದ್ದೆ ಖಾಲಿ ಇರುತ್ತದೆ. ಭರ್ತಿ ಮಾಡುವ ಪ್ರಸ್ತಾವ ಇರುವುದಿಲ್ಲ. ಈಚೆಗೆ ಯಂತ್ರವು ಗುಂಯ್‌ಗುಡತೊಡಗಿದ್ದು, ರೋಗ ಯಾವುದೆಂದು ಭಾನುವಾರದೊಳಗೆ ತಿಳಿಯದಿದ್ದರೆ ಗುಜರಿ ಗಾಡಿ ಹತ್ತಲಿದೆ. ಆದಕಾರಣ ಮನೆಯ ಎಲ್ಲ ಸದಸ್ಯರ ಗಮನಕ್ಕೆ ಈ ಕೆಳಗಿನ ಅಂಶಗಳನ್ನು ತರಲಾಗಿದೆ.

೧. ಶಬ್ದವನ್ನು ದುಂಬಿ, ಜೀರುಂಡೆ, ದೂರದ ಲಾರಿ ಎಂದು ಮನಸ್ಸಿಗೆ ಬಂದಂತೆ ಕರೆಯುವುದನ್ನು ನಿಷೇಧಿಸಲಾಗಿದೆ. ಇನ್ನು ಮುಂದೆ ಅದನ್ನು 'ಗುಂಯ್' ಎಂದೇ ನಮೂದಿಸತಕ್ಕದ್ದು. ಕೇಳಿಸದವರೂ ಕೇಳಿಸಿದೆ ಎಂದೇ ಭಾವಿಸತಕ್ಕದ್ದು. ಗುಂಯ್ ಆಲಿಸಲು ಕುಳಿತವರು ಒಬ್ಬರಿಗೊಬ್ಬರು 'ಶ್ಶ್' ಎನ್ನಬಾರದು. ನಿನ್ನೆ ಸಂಜೆಯ ಆಲಿಕೆಯಲ್ಲಿ ಶ್ಶ್ ಹೊರತು ಬೇರೇನೂ ದಾಖಲಾಗಿರುವುದಿಲ್ಲ.

೨. ಧ್ವನಿಯ ಗುಂಡಿಯನ್ನು ಪೂರ್ತಿ ತಗ್ಗಿಸಿ ನೋಡಲಾಯಿತು, ಗುಂಯ್ ತಗ್ಗಲಿಲ್ಲ. ಸ್ಪೀಕರುಗಳ ತಂತಿಗಳನ್ನು ಕಿತ್ತು ನೋಡಲಾಯಿತು, ಗುಂಯ್ ನಿಲ್ಲಲಿಲ್ಲ. ಹೀಗಾಗಿ ಎರಡೂ ಸ್ಪೀಕರುಗಳನ್ನು ನಿರ್ದೋಷಿಗಳೆಂದು ಬಿಡುಗಡೆ ಮಾಡಲಾಗಿದೆ. ವಿಚಾರಣೆಗೆ ಮೊದಲೇ ಎಡಗಡೆಯ ಸ್ಪೀಕರಿನ ನೆತ್ತಿಗೆ ಎರಡೇಟು ಹಾಕಿದ ಮಾವನವರು ಅದರ ಧೂಳನ್ನಾದರೂ ಒರೆಸತಕ್ಕದ್ದು.

೩. ಬೆಚ್ಚಗಿರುವ ಮುಚ್ಚಳದ ಮೇಲೆ ಮಲಗುವ ಬೆಕ್ಕಿನ ಗುರುಗುರುವನ್ನೂ ಗುಂಯ್‌ನ ಲೆಕ್ಕಕ್ಕೆ ಸೇರಿಸಿ ಬುಧವಾರ ರೋಗ ಉಲ್ಬಣಿಸಿದೆ ಎಂದು ವರದಿ ಮಾಡಲಾಗಿತ್ತು. ಆ ವರದಿಯನ್ನು ಹಿಂಪಡೆಯಲಾಗಿದೆ. ಬೆಕ್ಕಿನದು ಪ್ರತ್ಯೇಕ ಕಡತ.

೪. ಮೈದುನನು ಹೇರ್ ಡ್ರೈಯರನ್ನು ಸಣ್ಣಗೆ ಹಚ್ಚಿದಾಗಲೆಲ್ಲ ಗುಂಯ್ ದಪ್ಪವಾಗುವುದು ರುಜುವಾತಾಗಿದೆ. ಕೆಲವು ಉಪಕರಣಗಳು ಮನೆಯ ಕರೆಂಟನ್ನು ಕೆಡಿಸುತ್ತವೆ, ಹಳೆಯ ಟ್ರಾನ್ಸ್‌ಫಾರ್ಮರುಗಳು ಅದನ್ನು ಸಹಿಸುವುದಿಲ್ಲ. ಈ ಬಗ್ಗೆ ಕೇಳಲಾದ ವಿವರಣೆಗೆ ಸದರಿಯವರು "ನನ್ನ ತಲೆಗೂ ನಿಮ್ಮ ಡಬ್ಬಕ್ಕೂ ಏನತ್ತಿಗೆ ಸಂಬಂಧ?" ಎಂದು ಉತ್ತರಿಸಿದ್ದು, ಉತ್ತರ ತೃಪ್ತಿಕರವಾಗಿರುವುದಿಲ್ಲ. ಪರೀಕ್ಷೆ ಮುಗಿಯುವವರೆಗೆ ತಲೆಯನ್ನು ಬಿಸಿಲಿನಲ್ಲಿ ಒಣಗಿಸಿಕೊಳ್ಳತಕ್ಕದ್ದು. ಅಲ್ಲಿರುವ ಕೂದಲಿಗೆ ಅಷ್ಟು ಬಿಸಿಲು ಸಾಕು ಎಂಬ ಮಾವನವರ ಟಿಪ್ಪಣಿಯನ್ನು ಕಡತದಿಂದ ತೆಗೆಯಲಾಗಿದೆ.

೫. ಮುಚ್ಚಳದ ಬಲಭಾಗವನ್ನು ಅಂಗೈಯಿಂದ ಒತ್ತಿದರೆ ಗುಂಯ್ ನಿಲ್ಲುತ್ತದೆ. ಇದು ತಿಳಿದಂದಿನಿಂದ ಸಂಜೆ ಇದರ ಮೂಲಕ ರೇಡಿಯೋ ಕೇಳುವಾಗ ಮನೆಯವರು ಸರದಿಯ ಮೇಲೆ ಅಂಗೈ ಪಾಳಿ ಮಾಡುತ್ತ ಬಂದಿದ್ದಾರೆ. ಪಾಳಿಯಲ್ಲಿ ನಿದ್ದೆ ಹೋಗುವುದು, ಎಡಗೈ ಕೊಟ್ಟು ಬಲಗೈಯಲ್ಲಿ ಪೇಪರ್ ಓದುವುದು, "ಸ್ವಲ್ಪ ಹಿಡ್ಕೊಂಡಿರಿ, ಬಂದೆ" ಎಂದು ಹೋಗಿ ಬಾರದೇ ಇರುವುದು ಮುಂತಾದ ಪ್ರಕರಣಗಳು ಗಮನಕ್ಕೆ ಬಂದಿವೆ. ಪಾಳಿಯನ್ನು ಇಂದಿನಿಂದ ರದ್ದುಪಡಿಸಲಾಗಿದೆ.

೬. ಅಂಗೈಗೆ ಬದಲಿಯಾಗಿ ಇಡಲಾಗಿದ್ದ ಕುಟ್ಟಾಣಿ, ಇಸ್ತ್ರಿಪೆಟ್ಟಿಗೆ ಮತ್ತು ನಿಘಂಟನ್ನು ಅವುಗಳ ಮೂಲ ಸ್ಥಾನಕ್ಕೆ ವರ್ಗಾಯಿಸಲಾಗಿದೆ. ಗಾಳಿಯಾಡುವ ಕಿಂಡಿಗಳು ಮುಚ್ಚಿಹೋಗಿ ಯಂತ್ರಕ್ಕೆ ಜ್ವರ ಬಂದಂತಾಗಿತ್ತು.

೭. ಒತ್ತಿದಾಗ ನಿಲ್ಲುವ ಶಬ್ದವು ಸುಟ್ಟುಹೋದದ್ದರ ಲಕ್ಷಣವಲ್ಲ, ಸಡಿಲವಾದದ್ದರ ಲಕ್ಷಣ. ಟ್ರಾನ್ಸ್‌ಫಾರ್ಮರನ್ನು ತಳಕ್ಕೆ ಬಿಗಿದಿರುವ ಬೋಲ್ಟು ಸಡಿಲಗೊಂಡಿರುವ ಸಾಧ್ಯತೆಯೇ ಹೆಚ್ಚು. ತಿಳಿಯಬೇಕಾದರೆ ಮುಚ್ಚಳ ತೆಗೆಯಬೇಕು. ಇದು ಮೊದಲ ದಿನದಿಂದಲೂ ಎಲ್ಲರಿಗೂ ಗೊತ್ತಿದ್ದು, ತೆಗೆಯಲು ಮನಸ್ಸಿಲ್ಲದೆಯೇ ಮೇಲ್ಕಂಡ ಪರೀಕ್ಷೆಗಳನ್ನು ನಡೆಸಲಾಯಿತೆಂದು ಇಲಾಖೆ ಒಪ್ಪಿಕೊಳ್ಳುತ್ತದೆ.

೮. ಮುಚ್ಚಳ ತೆಗೆಯುವುದಕ್ಕೆ ಅತ್ತೆಯವರ ಆಕ್ಷೇಪಣೆ ಸ್ವೀಕೃತವಾಗಿದೆ: "ಅವನು ಕೈಯಾರೆ ಮುಚ್ಚಿದ್ದು ಕಣಮ್ಮಾ. ನಾವು ಬಿಚ್ಚೋದು ಬೇಡ. ಇದ್ದ ಹಾಗೇ ಇರ್ಲಿ." ಇದಕ್ಕೆ ಮೈದುನನು, "ಇದ್ದ ಹಾಗೇ ಗುಜರಿಗೆ ಹೋಗತ್ತೆ, ಅಷ್ಟೇ ಅಮ್ಮಾ" ಎಂದಿರುತ್ತಾನೆ. ಆನಂತರ ಅತ್ತೆಯವರು ತೊಳೆದಿಟ್ಟ ಪಾತ್ರೆಗಳನ್ನೇ ಮತ್ತೊಮ್ಮೆ ತೊಳೆದದ್ದನ್ನೂ, ಮೈದುನನು ಒರೆಸಲು ನಿಂತದ್ದನ್ನೂ ಇಲಾಖೆ ಗಮನಿಸಿದೆ.

ಆಕ್ಷೇಪಣೆಯನ್ನು ಕೂಲಂಕಷವಾಗಿ ಪರಿಶೀಲಿಸಲಾಯಿತು. ಮುಚ್ಚಿದವರು ಸ್ಕ್ರೂ ಹಾಕಿ ಮುಚ್ಚಿದ್ದಾರೆ. ಬಿಚ್ಚಲೇಬಾರದೆಂದಿದ್ದರೆ ಬೆಸುಗೆ ಹಾಕುತ್ತಿದ್ದರು. ಬೆಸುಗೆ ಅವರಿಗೆ ಚೆನ್ನಾಗಿ ಬರುತ್ತಿತ್ತು.

ಆದ್ದರಿಂದ ಮುಚ್ಚಳವನ್ನು ಶನಿವಾರ ಬೆಳಿಗ್ಗೆ ತೆಗೆಯಲು ಆದೇಶಿಸಲಾಗಿದೆ.

೯. ಪ್ಲಗ್ ಕಿತ್ತ ಮೇಲೂ ಒಳಗೆ ಕರೆಂಟ್ ಬಹಳ ಹೊತ್ತು ಉಳಿದಿರುತ್ತದೆ. ಕಾಯತಕ್ಕದ್ದು. "ಇದೇನಿದು?" ಎಂದು ಬೆರಳು ತೋರಿಸುವ ಅಭ್ಯಾಸವುಳ್ಳ ಹಿರಿಯರು ಕೈಗಳನ್ನು ಬೆನ್ನ ಹಿಂದೆ ಕಟ್ಟಿಕೊಂಡಿರತಕ್ಕದ್ದು.

೧೦. ನಾಲ್ಕು ಸ್ಕ್ರೂಗಳ ಪೈಕಿ ಒಂದು ಅಡುಗೆಮನೆ ಕಿಟಕಿಯ ಚಿಲಕದ್ದು. ಒಂದು ಕಳೆದುಹೋದಾಗ ಅಲ್ಲಿಂದ ಕಿತ್ತು ಇಲ್ಲಿ ಹಾಕಲಾಗಿತ್ತು. ಕಿಟಕಿಯನ್ನು ಅಂದಿನಿಂದ ದಾರದಿಂದ ಕಟ್ಟಲಾಗುತ್ತಿದೆ. ಸ್ಕ್ರೂ ಮರಳಿಸಬೇಕೆಂಬ ಕಿಟಕಿಯ ಬೇಡಿಕೆಯನ್ನು ತಿರಸ್ಕರಿಸಲಾಗಿದೆ. ಅದು ಮುಚ್ಚಳದಲ್ಲಿ ಅವರು ಹಾಕಿದ್ದ ಜಾಗಕ್ಕೇ ಹೋಗತಕ್ಕದ್ದು.

೧೧. ಬೋಲ್ಟು ಬಿಗಿದ ನಂತರವೂ ಅಷ್ಟಿಷ್ಟು ಗುಂಯ್ ಉಳಿದರೆ ಅದನ್ನು ವಯಸ್ಸಾದ ಯಂತ್ರದ ಹಕ್ಕೆಂದು ಪರಿಗಣಿಸತಕ್ಕದ್ದು. ಮಾವನವರ ಗೊರಕೆಗೆ ನೀಡಲಾಗಿರುವ ವಿನಾಯಿತಿ ಇದಕ್ಕೂ ಅನ್ವಯಿಸುತ್ತದೆ.

(ಸಹಿ/-)
ಸೊಸೆ
ಸ್ಕ್ರೂಡ್ರೈವರ್ ಪ್ರಭಾರ
ಮುಂದಿನ ಕೋಣೆ ಶಾಖೆ

ಪ್ರತಿಗಳು:
೧. ಮೈದುನನಿಗೆ: ಗುಜರಿಯವನಿಗೆ ಫೋನ್ ಮಾಡಿ ಬರಬೇಡವೆಂದು ತಿಳಿಸುವ ತುರ್ತು ಕ್ರಮಕ್ಕಾಗಿ. ಬಂದೇ ತೀರುವುದಾದರೆ ಹೇರ್ ಡ್ರೈಯರ್ ಕೊಡಬಹುದು.
೨. ಮಾವನವರಿಗೆ: ಮಾಹಿತಿಗಾಗಿ. ದೊಡ್ಡ ಅಕ್ಷರದ ಪ್ರತಿ ಲಗತ್ತಿಸಿದೆ.
೩. ಬೆಕ್ಕಿಗೆ: ಕಾರ್ಯಾಚರಣೆಯ ಅವಧಿಯಲ್ಲಿ ಹಿತ್ತಲಿಗೆ ನಿಯೋಜನೆ.
೪. ಅತ್ತೆಯವರಿಗೆ: ಅನುಮತಿಗಾಗಿ ಅಲ್ಲ, ಪಕ್ಕದಲ್ಲಿ ಟಾರ್ಚ್ ಹಿಡಿದು ನಿಲ್ಲುವುದಕ್ಕಾಗಿ. ಬಿಚ್ಚಿದ ಸ್ಕ್ರೂಗಳನ್ನು ಅವರ ಇನ್ನೊಂದು ಅಂಗೈಗೆ ಒಪ್ಪಿಸಲಾಗುವುದು.