ತಮ್ಮನ ಮಿಷಿನ್, ಅಪ್ಪನ ಮೀಸೆ

ಕೆಲವು ಮನೆಗಳಿಗೆ ದೇವರು ನಗುವನ್ನು ತಾನಾಗಿಯೇ ಕಳಿಸಿಕೊಡುತ್ತಾನೆ. ವಿಜಯಪುರದಲ್ಲಿರುವ ನನ್ನ ತಮ್ಮನ ಮನೆಗಂತೂ ತಪ್ಪದೆ ಕಳಿಸುತ್ತಾನೆ. ಅಲ್ಲಿಯ ಈ ಪ್ರಸಂಗಗಳನ್ನೆಲ್ಲ ನನಗೆ ಮೊದಲು ಹೇಳಿದವಳು ತಮ್ಮನ ಹೆಂಡತಿ. ನಾನು ಹೊನವಾಡದ ಬಸ್ಸಿನಿಂದ ಇಳಿದು ಹೋಗಿ ಇನ್ನೂ ಕಾಲು ತೊಳೆಯುತ್ತಿರುವಾಗಲೇ, "ಭಾವಾರ, ಈ ಸಲ ಏನಾತು ಗೊತ್ತೇನ್ರಿ" ಎಂದು ಶುರು ಮಾಡಿರುತ್ತಾಳೆ.

೧. ಕಣ್ಣಿಲ್ಲದ್ದು

ತಮ್ಮನಿಗೆ ಗಾಂಧಿ ಚೌಕದಲ್ಲಿ ಬಳೆ ಅಂಗಡಿ. ಅಂಗಡಿ ಮುಚ್ಚಿ ಬಂದನೆಂದರೆ ಹಿತ್ತಲ ಖೋಲಿ ಸೇರುತ್ತಾನೆ. ಅಲ್ಲಿ ಕಟ್ಟಿಗೆ ಕೆತ್ತುವ ಸಣ್ಣ ಮಿಷಿನ್ ಇದೆ. ಕಂಪ್ಯೂಟರಿನಲ್ಲಿ ಎಂಥ ಚಂದದ ಚಿತ್ರ ಬರೆದರೂ ಅದಕ್ಕೆ ತಿಳಿಯುವುದಿಲ್ಲ. ಬಲಕ್ಕೆ ಇಷ್ಟು ಹೋಗು, ಇಲ್ಲಿ ಇಷ್ಟು ಇಳಿ, ಎದ್ದು ಎಡಕ್ಕೆ ಬಾ ಎಂದು ಸಾಲು ಸಾಲಾಗಿ ಅದರ ಭಾಷೆಗೆ ತಿರುವಿ ಕೊಡಬೇಕು. ಅದಕ್ಕೆ ಕೋಡ್ ಅನ್ನುತ್ತಾರೆ.

ನಮ್ಮವ್ವ ಇರುವುದು ಅವನ ಹತ್ತಿರ. ಅವಳ ಕಣ್ಣು ಈಗ ಪೂರಾ ಮಬ್ಬು. ಒಂದು ದಿನ ಕೇಳಿದಳಂತೆ:

"ಮುಂದಿನ ಹಲಗಿ ಅದಕ್ಕ ಕಾಣೂದಿಲ್ಲೇನೋ?"

"ಇಲ್ಲ ಬೇ. ಹೇಳಿದಷ್ಟ ಹೋಗತೈತಿ."

"ಪಾಪ, ನನ್ನಂಗ ಆತು. ಕೈ ಹಿಡದು ನಡಸಾಕ ಅದಕ್ಕೂ ಒಬ್ಬಾಕಿ ಸೊಸಿ ಬೇಕು."

ತಮ್ಮನ ಹೆಂಡತಿ ರೊಟ್ಟಿ ಬಡಿಯುತ್ತ ಒಳಗಿನಿಂದಲೇ ಅಂದಳು: "ಅದೂ ನನ್ನ ಪಾಲಿಗೇ ಬರ್ಲಿ ಬಿಡ್ರಿ ಅತ್ತಿ."

ನಕ್ಕು ಮುಗಿದ ಮೇಲೆ ಅವ್ವ ಮೆಲ್ಲಗೆ ಕೇಳಿದಳು. "ಅದರಾಗ ನಿಮ್ಮಪ್ಪನ ಮುಖಾ ಮಾಡಾಕ ಬರ್ತೈತೇನು? ಫೋಟೋ ಅಂದ್ರ ಈಗ ನನಗ ಬರೇ ಗಾಜು. ಕೈಗೆ ತಿಳಿಯೂಹಂಗ ಮಾಡಿಕೊಡು."

ತಮ್ಮ ಹೂಂ ಅಂದ.

೨. ಮೂಡಣ ದಿಕ್ಕು

ಅಪ್ಪನ ಮುಖಕ್ಕೆ ಇಳಿಯುವ ಮೊದಲು ಕೈ ಪಳಗಲಿ ಎಂದು, ಬಬಲೇಶ್ವರದ ಬೀಗರ ಬಾಗಿಲಿಗೆ 'ಶ್ರೀ ಬಸವೇಶ್ವರ ಪ್ರಸನ್ನ' ಎಂದು ಕೆತ್ತಲು ಹೊರಟ. ಉದ್ದನೆಯ ಹಲಗೆ ಬಿಗಿದು, ಅದರ ಒಂದು ಮೂಲೆಯನ್ನು ತೋರಿಸಿ, ಇಲ್ಲಿಂದ ಎಣಿಸಲು ಶುರು ಮಾಡು ಎಂದು ಮಿಷಿನ್ನಿಗೆ ತಿಳಿಸಿ, ಹಾಲು ತರಲು ಹೋದ.

ಅವ್ವ ಕೈಯಾಡಿಸಿ ನೋಡಿದಳು. "ಇದು ತೆಂಕು ದಿಕ್ಕಲ್ಲೇನ? ದೇವರ ಹೆಸರು ಹಂಗ ಬರೀಬಾರದು. ಮೂಡಣಕ್ಕ ತಿರುವವ್ವಾ."

ಸೊಸೆ ತಿರುಪು ಸಡಿಲಿಸಿ, ಹಲಗೆಯನ್ನು ಅಡ್ಡ ತಿರುವಿ, ಮತ್ತೆ ಬಿಗಿದು, ಊದಿನಕಡ್ಡಿಯನ್ನೂ ಬೆಳಗಿದಳು.

ತಮ್ಮ ಬಂದವನೇ ಹಾಲಿನ ಪಾಕೀಟು ಕೈಯಲ್ಲಿ ಹಿಡಿದುಕೊಂಡೇ, ಹಲಗೆಯತ್ತ ನೋಡದೆ ಗುಂಡಿ ಒತ್ತಿದ. ಹಲಗೆ ತಿರುಗಿದ್ದು ಮಿಷಿನ್ನಿಗೇನು ಗೊತ್ತು? 'ಶ್ರೀ ಬಸ' ಎಂದು ಕೆತ್ತುವಷ್ಟರಲ್ಲಿ ಹಲಗೆ ಮುಗಿಯಿತು. ಉಳಿದದ್ದನ್ನು ಅದು ಅಷ್ಟೇ ಶ್ರದ್ಧೆಯಿಂದ ಬರೀ ಗಾಳಿಯಲ್ಲಿ ಕೆತ್ತಿತು.

"ಉಳದ ಹೆಸರು ಎಲ್ಲೈತಿ?" ಎಂದಳು ಅವ್ವ.

"ಗಾಳ್ಯಾಗ ಬರದೈತಿ ಬೇ."

"ದೇವರು ಗಾಳ್ಯಾಗೂ ಅದಾನ. ಬೀಗರಿಗೆ ಹಂಗ ಹೇಳಿ ಕಳಸು."

೩. ಕಾಲುವೆ

ಅಪ್ಪನದು ಇದ್ದದ್ದು ಒಂದೇ ಫೋಟೋ. ತಲೆಗೆ ಸುತ್ತಿದ ಬಿಳಿ ಪಟಗಾ, ಹಣೆ ತುಂಬ ವಿಭೂತಿ, ಕರೀ ಹುರಿಮೀಸೆ. ಅದನ್ನು ಕೋಡಿಗೆ ತಿರುವುವಾಗ ತಮ್ಮ ಒಂದು ನೇಮ ಹಾಕಿಕೊಟ್ಟ: ಬೆಳ್ಳಗಿದ್ದದ್ದು ಉಬ್ಬಲಿ, ಕರ್ರಗಿದ್ದದ್ದು ತಗ್ಗಲಿ. ಮಿಷಿನ್ ನೇಮ ಮೀರಲಿಲ್ಲ.

ಅವ್ವ ಮುಂಜಾನೆಯಿಂದ ಚಹಾ ಸೈತ ಮುಟ್ಟದೆ ಖೋಲಿಯ ಹೊಸ್ತಿಲ ಹೊರಗೆ ಕೂತಿದ್ದಳು. ಸದ್ದು ನಿಂತಿತು. ತಮ್ಮ ಪುಡಿ ಒರೆಸಿ ನೋಡಿದ. ಪಟಗಾ ಚಂದ ಬಂದಿತ್ತು, ವಿಭೂತಿ ಎದ್ದು ನಿಂತಿತ್ತು. ಮೀಸೆ ಇರಬೇಕಾದಲ್ಲಿ ಮಾತ್ರ ಒಂದು ಕಾಲುವೆ ಹರಿದಿತ್ತು.

"ಇದನ್ನ ಅವ್ವನ ಕೈಗೆ ಕೊಡಬ್ಯಾಡ, ಇನ್ನೊಂದು ಮಾಡ್ತೀನಿ" ಎಂದು ಹೆಂಡತಿಗೆ ಪಿಸುಗುಟ್ಟಿದ.

"ಅದನ್ನ ತಾ ಇಲ್ಲೆ" ಎಂದು ಹೊಸ್ತಿಲಿನಿಂದ ದನಿ ಬಂತು.

ಕೊಡದೆ ಗತಿಯಿಲ್ಲ. ಅವ್ವ ತೊಡೆಯ ಮೇಲಿಟ್ಟುಕೊಂಡು ಪಟಗಾದ ಸುತ್ತುಗಳನ್ನು ಸವರಿದಳು. ಬೆರಳು ಹಣೆಗೆ ಬಂತು. ವಿಭೂತಿಯ ಮೂರು ಸಾಲಿನ ಮೇಲೆ ಹೋಯಿತು, ಬಂತು, ಅಲ್ಲೇ ನಿಂತಿತು.

"ಈಗ ಜಳಕಾ ಮಾಡಿ ಬಂದಾರ" ಅಂದಳು.

ಆಮೇಲೆ ಬೆರಳು ಮೂಗಿನ ಮೇಲಿಂದ ಇಳಿದು ಕಾಲುವೆಯಲ್ಲಿ ಬಿತ್ತು.

"ತಪ್ಪಾತ ಬೇ, ಅದು..." ಎಂದು ತಮ್ಮ ತೊದಲಿದ.

"ತಪ್ಪೇನ ಬಂತು? ಕೂಸಿಗೆ ಚುಚ್ಚತೈತಿ, ಮೀಸಿ ತಗೀರಿ ಅಂತ ನೆವಾ ಹೇಳಿ ಹೇಳಿ ಸಾಕಾಗಿತ್ತು ನನಗ. ಆಗ ಕೇಳಲಿಲ್ಲ. ಈಗ ಕೇಳ್ಯಾರ."

ತಮ್ಮನಿಗೆ ಸುಮ್ಮನಿರಲು ಬರುವುದಿಲ್ಲ. "ನೆವಾ? ಹಂಗಾರ ಚುಚ್ಚತಿದ್ದದ್ದು ಯಾರಿಗೆ ಬೇ?"

ಹೆಂಡತಿ ಅವನ ಅಂಗಿ ಹಿಡಿದು ಜಗ್ಗಿದಳು. ಅವ್ವ ಹಲಗೆಯನ್ನು ಸೆರಗಿನೊಳಗೆ ಸೇರಿಸಿಕೊಂಡು, ಮುಖ ಆ ಕಡೆ ತಿರುಗಿಸಿ ಅಂದಳು: "ಮದಲ ಆ ಮಿಷಿನ್ ಬಂದ್ ಮಾಡ ಹೋಗು. ಅದರ ಸಪ್ಪಳದಾಗ ನನಗ ಏನೂ ಕೇಳಸವಲ್ದು."

ಮಿಷಿನ್ ಬಂದ್ ಆಗಿ ಬಹಳ ಹೊತ್ತಾಗಿತ್ತು.

ಮೀಸೆ ಇದ್ದವರ ಮನೆಗೆ ಹೋದಾಗ ಇದನ್ನು ನೀವೂ ಹೇಳಿರಿ. ಹೇಳುವಾಗ ಅವರ ಮನೆಯಾಕೆಯನ್ನೂ ಹೊರಗೆ ಕರೆಯಿರಿ.