ಎಮ್ಮೆಗೆ ಎರಡು ಕಿಲೋ ಉಪ್ಪು

ಎಮ್ಮೆಯ ಮೇವಿನಂಥ ಸಣ್ಣ ವಿಷಯಕ್ಕೆ ಗಣಿತದ ಉಪನ್ಯಾಸಕನೊಬ್ಬ ಹೆದರಬೇಕೇ? ಹೋದ ಬೇಸಿಗೆಯಲ್ಲಿ ಹೆಂಡತಿ ನೀಲಮ್ಮ ಎರಡು ದಿನಕ್ಕೆಂದು ಕುಷ್ಟಗಿಯ ತವರಿಗೆ ಹೊರಟಾಗ ನನಗೆ ಹಾಗೇ ಅನಿಸಿತ್ತು. ಗಂಗಾವತಿಯ ನಮ್ಮ ಹಿತ್ತಲಲ್ಲಿ ಅವಳ ಎಮ್ಮೆ ಈದು ಹದಿನೈದು ದಿನವಾಗಿತ್ತು.

"ಎಮ್ಮಿ ಮೇವು ಬಿಡಬಾರದು ನೋಡ್ರಿ. ಅದು ಮೇವು ಬಿಟ್ರ ಹಾಲಿಲ್ಲ, ಕರ ಉಪವಾಸ ಬೀಳತೈತಿ," ಎಂದು ಹೇಳಿ ಹೋದಳು.

ಅವಳು ಕಣ್ಣಂದಾಜಿನಲ್ಲಿ ಕಲಸುವವಳು. ನಾನು ಹಾಗಲ್ಲ. ಹತ್ತು ಪದಾರ್ಥ, ಹತ್ತು ಪೋಷಕಾಂಶ ಸೇರಿಸಿ ಲ್ಯಾಪ್‌ಟಾಪಿನಲ್ಲಿ ಅಂಕಿಗಳ ಚೌಕ, ಅಂದರೆ ಮ್ಯಾಟ್ರಿಕ್ಸ್, ಕಟ್ಟಿದೆ. ಅದರ ವಿಲೋಮ ಕಂಡುಹಿಡಿದರೆ ಯಾವುದನ್ನು ಎಷ್ಟು ಹಾಕಬೇಕೆಂದು ತಿಳಿಯುತ್ತದೆ. ಪಿಯುಸಿಯಲ್ಲಿ ಕಲಿಸುವ ಸುತ್ತುಬಳಸಿನ ಪದ್ಧತಿಯಲ್ಲೇ ಪ್ರೋಗ್ರಾಂ ಬರೆದೆ. ಉತ್ತರ ಬರಲು ಮುಕ್ಕಾಲು ಗಂಟೆ ಹಿಡಿಯಿತು! ಅಷ್ಟೂ ಹೊತ್ತು ಎಮ್ಮೆ ಹಗ್ಗ ಜಗ್ಗುತ್ತ ಒದರುತ್ತಿತ್ತು.

ಇದಕ್ಕೊಂದು ಉಪಾಯವಿದೆ. ಬಂದ ಉತ್ತರವನ್ನು ಎತ್ತಿಟ್ಟುಕೊಂಡು, ಮತ್ತೆ ಕೇಳಿದಾಗ ಅದನ್ನೇ ಕೊಡುವುದು. ಕಂಪ್ಯೂಟರಿನವರು ಇದಕ್ಕೆ ಕ್ಯಾಶ್ ಎನ್ನುತ್ತಾರೆ. ನಾಲ್ಕು ಸಾಲು ಬರೆದು ಸೇರಿಸಿದೆ. ಮರುದಿನ ಬೆಳಿಗ್ಗೆ ಬಟನ್ ಒತ್ತಿದೊಡನೆ ಉತ್ತರ! ನನ್ನ ಬುದ್ಧಿಗೆ ನಾನೇ ಬೆರಗಾದೆ.

ಅಷ್ಟಕ್ಕೆ ಸುಮ್ಮನಿರಬೇಕಿತ್ತು. ಹಾಜರಿ ಪುಸ್ತಕದಲ್ಲಿ ಹೆಸರು ಜೋಡಿಸಿ ರೂಢಿಯಾದ ಕೈ ಸುಮ್ಮನಿರಲಿಲ್ಲ. ಪದಾರ್ಥಗಳನ್ನೆಲ್ಲ ಅಕ್ಷರಕ್ರಮದಲ್ಲಿ ಜೋಡಿಸಿದೆ. ಮೊದಲಿದ್ದ ತೌಡು ಕೆಳಗಿಳಿಯಿತು, ಕೊನೆಯಲ್ಲಿದ್ದ ಉಪ್ಪು ಮೇಲೇರಿತು. ಸಂಜೆ ಬಟನ್ ಒತ್ತಿದೆ.

ಉಪ್ಪು ಎರಡು ಕಿಲೋ. ಹಿಂಡಿ ನಲವತ್ತು ಗ್ರಾಂ.

ಬೆಚ್ಚಿಬಿದ್ದೆ. ಆದರೆ ಬಿಸಿಲಿನ ದಿನ, ಎಮ್ಮೆಗೆ ಬೇಕಿರಬಹುದು ಎಂದುಕೊಂಡು ಮೂಲೆಯ ಅಂಗಡಿಗೆ ಹೋದೆ.

"ಉಪ್ಪಿನಕಾಯಿ ಹಾಕ್ತೀರೇನ್ರಿ ಸರ?" ಎಂದಳು ಅಂಗಡಿಯ ಶಂಕ್ರವ್ವ.

"ಇಲ್ರಿ, ಎಮ್ಮಿಗೆ."

ಅವಳು ಉಪ್ಪು ತೂಗಿ ಕೊಟ್ಟಳು. "ಅಕ್ಕಾರು ಊರಾಗ ಇಲ್ಲೇನ್ರಿ?"

ತಂದು ಕಲಸಿ ಇಟ್ಟಾಗ ಎಮ್ಮೆ ಒಮ್ಮೆ ಮೂಸಿತು. ಆಮೇಲೆ ಬುಟ್ಟಿಯನ್ನು ಕೊಂಬಿನಿಂದೆತ್ತಿ ನನ್ನ ಮೇಲೇ ಮಗುಚಿತು! ಮರುದಿನ ಹುಲ್ಲನ್ನೂ ಮುಟ್ಟಲಿಲ್ಲ. ಹಾಲಿಲ್ಲ. ಕರು ಖಾಲಿ ಕೆಚ್ಚಲಿಗೆ ಗುದ್ದಿ ಗುದ್ದಿ ಒದರತೊಡಗಿತು. ಎಂಥ ಕೆಲಸ ಮಾಡಿಬಿಟ್ಟೆ!

ಮಧ್ಯಾಹ್ನ ಬಂದ ನೀಲಮ್ಮನಿಗೆ ಕ್ಯಾಶ್‌ನ ಮಹಿಮೆಯನ್ನು ತಲೆತಗ್ಗಿಸಿ ವಿವರಿಸಿದೆ.

"ಪಟ್ಟಿ ಬದಲಿಸಿದ್ರೂ ಹಳೇ ಉತ್ತರಾನ ಹೇಳತೈತೇನ್ರಿ ಅದು?"

"ಹಳೇದನ್ನ ಅಳಿಸು ಅಂತ ನಾ ಅದಕ್ಕ ಹೇಳಬೇಕಾಗಿತ್ತು. ಮರತೆ. ತೌಡಿನ ಎರಡು ಕಿಲೋ ಉಪ್ಪಿನ ಮುಂದ ಬಂತು, ಉಪ್ಪಿನ ನಲವತ್ತು ಗ್ರಾಂ ಹಿಂಡಿ ಮುಂದ."

"ಅದು ಯಂತ್ರ. ಎರಡು ಕಿಲೋ ಉಪ್ಪು ಅಂದಾಗ ನಿಮಗರ ಏನೂ ಅನಸಲಿಲ್ಲಾ?"

ನಾನು ಹೋಗಿ ಬುಟ್ಟಿ ತೊಳೆದು ತಂದೆ.

ಅವಳು ತೌಡು, ಹಿಂಡಿಯನ್ನು ಬೊಗಸೆಯಲ್ಲೇ ಅಳೆದು ಕಲಸಿದಳು. ಎಮ್ಮೆ ಬುಟ್ಟಿಯ ತಳ ನೆಕ್ಕಿತು. ಸಂಜೆ ಕರು ಹೊಟ್ಟೆತುಂಬ ಕುಡಿಯಿತು. ಸಮಾಧಾನವಾಗಿ ನಾನೂ ಹತ್ತಿರ ಹೋದೆ. ಎಮ್ಮೆ ತಟ್ಟನೆ ಮುಖ ತಿರುಗಿಸಿ ನೀಲಮ್ಮನ ಹಿಂದೆ ನಿಂತಿತು.

ಇವತ್ತಿಗೂ ಹಾಗೇ ಮಾಡುತ್ತದೆ. ನನ್ನ ಬಗ್ಗೆ ಅದೂ ಒಂದು ಉತ್ತರ ಎತ್ತಿಟ್ಟುಕೊಂಡಿದೆ. ಅದನ್ನು ಅಳಿಸುವುದು ಹೇಗೆಂದು ನನಗಿನ್ನೂ ಗೊತ್ತಾಗಿಲ್ಲ.