ಮೂರು ಪೆಡಲು, ಒಂದು ಪಂಪು

ಕನ್ನಡಕದ ಅಂಗಡಿಯ ಗುಮಾಸ್ತನ ಆ ಭಾನುವಾರ ಹಾಳಾದದ್ದು ಭಾವಮೈದುನನ ಒಂದೇ ಒಂದು ಫೋನಿನಿಂದ.

"ಭಾವ, ಬೇಜಾರ್ ಮಾಡ್ಕೋಬೇಡಿ. ನೀವು ಬೇಸ್ ನುಡಿಸ್ತಿರೋದು ನಿಮ್ಮನ್ನ ನೋಡಿದ್ರೆ ಗೊತ್ತಾಗುತ್ತೆ, ಕಿವಿಗೇನೂ ಬೀಳಲ್ಲ. ಇವತ್ತು ಸಂಜೆ ಒಂದ್ಸಲ ನೋಡೋಣ. ಆಗ್ಲಿಲ್ಲ ಅಂದ್ರೆ ಕೀಬೋರ್ಡಿನವನೇ ಎಡಗೈಲಿ ಅದನ್ನೂ ಬಾರಿಸ್ಕೋತಾನೆ."

ಆರು ವರ್ಷ ತಂಡದಲ್ಲಿ ಬೇಸ್ ಗಿಟಾರ್ ನುಡಿಸಿದವನ ಜಾಗ ಇನ್ನೊಬ್ಬನ ಎಡಗೈಗೆ ಹೋಗುವುದೆಂದರೆ ಹೇಗಿರಬೇಡ. ಬಲಗೈ ಆಗಿದ್ದರೂ ಒಂದು ಮಾತು. ತಂಡದ ಯಜಮಾನನೂ ಹಾಡುಗಾರನೂ ಭಾವಮೈದುನನೇ, ಮೇಲಾಗಿ ಹೆಂಡತಿಗೆ ಒಬ್ಬನೇ ತಮ್ಮ. ವಾದ ಮಾಡಿ ಗೆಲ್ಲುವ ಜಾಗವಲ್ಲ. ಕಾರ್ಯಕ್ರಮವೋ ಗುಮಾಸ್ತನ ಬಿಲ್ಡಿಂಗಿನ ಸಂಘದ ವಾರ್ಷಿಕ ಸಭೆಯದ್ದು, ನೆಲಮಹಡಿಯ ಹಾಲಿನಲ್ಲಿ, ಸಂಜೆ ಆರಕ್ಕೆ.

ಗುಮಾಸ್ತ ಮಂಚದ ಕೆಳಗಿಂದ ಮೂರು ಪೆಡಲುಗಳನ್ನು ಎಳೆದು ತೆಗೆದ. ಕಾಲಲ್ಲಿ ಒತ್ತುವ, ಸೋಪಿನ ಡಬ್ಬಿಯಷ್ಟು ದೊಡ್ಡ ಪೆಟ್ಟಿಗೆಗಳು. ಒಂದು, ಸದ್ದಿನ ಏರುಪೇರನ್ನೆಲ್ಲ ಒಂದೇ ಮಟ್ಟಕ್ಕೆ ತರುವ ಕಂಪ್ರೆಸರ್. ಇನ್ನೊಂದು, ನುಡಿಸಿದ ಸ್ವರದ ಕೆಳಗೆ ಇನ್ನೂ ದಪ್ಪನೆಯ ಸ್ವರ ಸೇರಿಸುವ ಆಕ್ಟೇವ್. ಮೂರನೆಯದು ಎಲ್ಲವನ್ನೂ ಒರಟು ಮಾಡುವ ಫಜ್. ಬಿಡಿಬಿಡಿಯಾಗಿ ಮೂರೂ ಸಂಭಾವಿತರೇ. ಒಂದರ ಹಿಂದೊಂದು ಜೋಡಿಸಿದಾಗಲೇ ಬಣ್ಣ ಬಯಲಾಗುವುದು. ಮೊದಲು ಫಜ್, ಆಮೇಲೆ ಆಕ್ಟೇವ್ ಇಟ್ಟು ನೋಡಿದ. ಯಾರೋ ಬಾಯಿ ಮುಕ್ಕಳಿಸಿದ ಹಾಗೆ ಕೇಳಿಸಿತು. ತಿರುಗಿಸಿ ಆಕ್ಟೇವ್ ಮೊದಲು, ಫಜ್ ಆಮೇಲೆ, ಕೊನೆಗೆ ಕಂಪ್ರೆಸರ್ ಇಟ್ಟು ದಪ್ಪ ತಂತಿ ಮೀಟಿದ.

ಘರ್ರ್ರ್ರ್.

ಕಿಟಕಿಯ ಗಾಜು ಅದುರಿತು. ಕಪಾಟಿನ ಲೋಟಗಳು ತಮ್ಮತಮ್ಮಲ್ಲೇ ಏನೋ ಮಾತಾಡಿಕೊಂಡವು. ಗುಮಾಸ್ತನಿಗೆ ಖುಷಿಯಿಂದ ಕಣ್ಣು ತುಂಬಿ ಬಂತು. ಇದು ಯಾರಿಗೆ ಕೇಳಿಸುವುದಿಲ್ಲವೋ ನೋಡಿಯೇಬಿಡೋಣ ಎಂದುಕೊಂಡ.

ಕೇಳಿಸಿತು, ನೆಲಮಹಡಿಯ ನಿವೃತ್ತ ಓವರ್‌ಸಿಯರರಿಗೆ. ಕೆಲಸ ಬಿಟ್ಟು ಹನ್ನೊಂದು ವರ್ಷವಾಗಿದ್ದರೂ ಬಿಲ್ಡಿಂಗಿನ ಬಲ್ಬು, ಬೀಗ, ಚರಂಡಿ ಎಲ್ಲದರಲ್ಲೂ ಮೂಗು ತೂರಿಸುವುದನ್ನು ಅವರು ಬಿಟ್ಟಿರಲಿಲ್ಲ. ಓದುತ್ತಿದ್ದ ಪೇಪರ್ ಎಸೆದು ಪಂಪ್ ಕೋಣೆಗೆ ಓಡಿ ಸ್ವಿಚ್ ಆರಿಸಿದರು. ಸರಿಯಾಗಿ ಅದೇ ಹೊತ್ತಿಗೆ ಮೇಲೆ ಹೆಂಡತಿ ಕಾಫಿ ತಂದುಕೊಟ್ಟದ್ದರಿಂದ ಗುಮಾಸ್ತ ಗಿಟಾರ್ ಕೆಳಗಿಟ್ಟ. ಕಾಫಿ ಮುಗಿಯಿತು, ಓವರ್‌ಸಿಯರ್ ಸ್ವಿಚ್ ಹಾಕಿದರು, ಗುಮಾಸ್ತ ಮತ್ತೆ ತಂತಿ ಮೀಟಿದ. ಎರಡನೇ ಸಲ ಪೆಡಲಿನ ತಿರುಪು ಸರಿಮಾಡಲು ನಿಲ್ಲಿಸಿದ, ಮೂರನೇ ಸಲ ಬೆರಳು ನೋಯಿತೆಂದು. ಮೂರು ಸಲವೂ ಸರಿಯಾಗಿ ಆ ಹೊತ್ತಿಗೇ ಕೆಳಗೆ ಸ್ವಿಚ್ ಆರಿತ್ತು. ಸದ್ದು ಪಂಪಿನದೇ ಎಂಬುದರಲ್ಲಿ ಓವರ್‌ಸಿಯರರಿಗೆ ಇನ್ನು ಯಾವ ಅನುಮಾನವೂ ಉಳಿಯಲಿಲ್ಲ. ಪ್ಲಂಬರನಿಗೆ ಫೋನ್ ಹೋಯಿತು.

ಮಧ್ಯಾಹ್ನದ ಹೊತ್ತಿಗೆ ಹೆಂಡತಿ ತಲೆತುಂಬ ಶಾಂಪೂ ನೊರೆ ಹೊತ್ತು ಬಚ್ಚಲಿನಿಂದ ಹೊರಗೆ ಬಂದು, ನಲ್ಲಿಯಲ್ಲಿ ಹನಿ ನೀರಿಲ್ಲ, ಹೋಗಿ ನೋಡಬಾರದಾ ಎಂದಳು. ಗುಮಾಸ್ತ ಕೆಳಗಿಳಿದರೆ ಅರ್ಧ ಬಿಲ್ಡಿಂಗೇ ಬಕೆಟ್ ಹಿಡಿದು ನಿಂತಿತ್ತು. ಪ್ಲಂಬರ್ ಪಂಪನ್ನು ಬಿಚ್ಚಿ ಹಳೇ ಪೇಪರಿನ ಮೇಲೆ ಹರಡಿದ್ದ. ಒಬ್ಬರು ತುಕ್ಕು ಎಂದರು, ಇನ್ನೊಬ್ಬರು ಒಳಗೆ ಇಲಿ ಹೊಕ್ಕಿರಬೇಕು ಎಂದರು. ಬೇರಿಂಗ್ ಹೊಸದರ ಹಾಗೇ ಇದೆಯಲ್ಲ ಎಂದು ಪ್ಲಂಬರ್ ತಲೆ ಕೆರೆದುಕೊಂಡ. ಓವರ್‌ಸಿಯರ್ ಅವನ ಬಾಯಿ ಮುಚ್ಚಿಸಿದರು.

"ನಂಗೆ ಹೇಳ್ಕೊಡ್ತೀಯಾ? ನಲವತ್ತು ವರ್ಷ ಪಂಪಿನ ಸದ್ದು ಕೇಳಿದ ಕಿವಿ ಇದು. ಬೆಳಿಗ್ಗೆ ಹೇಗೆ ಒದ್ದಾಡ್ತು ಗೊತ್ತಾ? ಘರ್ರ್ರ್ರ್ ಅಂತ."

ಗುಮಾಸ್ತ ಗುರುತು ಹಿಡಿದ. ಅದು ಅವನದೇ ಸ್ವರ, ಅವನದೇ ದಪ್ಪ ತಂತಿ. ಮೊದಲು ಹೆದರಿಕೆಯಾಯಿತು. ಆಮೇಲೆ, ಹೇಳಲು ನಾಚಿಕೆ, ಹೆಮ್ಮೆಯಾಯಿತು. ಆರು ವರ್ಷದಲ್ಲಿ ಅವನ ಬೇಸನ್ನು ಯಾರಾದರೂ ನೆನಪಿಟ್ಟುಕೊಂಡು ಬಾಯಲ್ಲಿ ನುಡಿಸಿದ್ದು ಇದೇ ಮೊದಲು. ನಿಜ ಹೇಳಿಬಿಡೋಣ ಎಂದು ಬಾಯಿ ತೆರೆದವನು ಸುತ್ತಲಿನ ಖಾಲಿ ಬಕೆಟ್‌ಗಳನ್ನು ಕಂಡು ಮುಚ್ಚಿಕೊಂಡ. ಸುಮ್ಮನಿರಲಾರದೆ ಪ್ಲಂಬರನಿಗೆ ಟಾರ್ಚ್ ಹಿಡಿದ.

ಮಧ್ಯಾಹ್ನವೆಲ್ಲ ಅದೇ ಕೊರೆತ. ಪೆಡಲ್ ಒತ್ತಿದರೆ ಬಿಲ್ಡಿಂಗಿನ ನೀರು ನಿಲ್ಲಿಸಿದವನು ಯಾರೆಂದು ಎಲ್ಲರಿಗೂ ತಿಳಿಯುತ್ತದೆ. ಒತ್ತದಿದ್ದರೆ ತಂಡದಲ್ಲಿ ಜಾಗವಿಲ್ಲ. ಕೊನೆಗೆ ಹಾಳಾಗಿ ಹೋಗಲಿ, ಬೈಯುವವರು ಕೇಳಿಸಿಕೊಂಡೇ ಬೈಯಲಿ ಎಂದು ಮೂರೂ ಡಬ್ಬಿಗಳನ್ನು ಚೀಲಕ್ಕೆ ತುಂಬಿದ.

ವೇದಿಕೆ ಚಿಕ್ಕದಾದ್ದರಿಂದ ಬೇಸಿನ ಸ್ಪೀಕರ್ ಪೆಟ್ಟಿಗೆಯನ್ನು ಹಿಂದಿನ ಗೋಡೆಗೆ ಒತ್ತಿ ಇಟ್ಟಿದ್ದರು. ಗೋಡೆಯ ಆಚೆಗೇ ಪಂಪ್ ಕೋಣೆ. ಮೊದಲ ಹಾಡಿಗೆ ಗುಮಾಸ್ತ ಪೆಡಲ್ ಮುಟ್ಟಲಿಲ್ಲ. ಭಾವಮೈದುನ ಹಾಡುತ್ತಲೇ ಹಿಂದೆ ತಿರುಗಿ ಕಿವಿ ಮುಟ್ಟಿ ತಲೆಯಾಡಿಸಿದ. ಕೀಬೋರ್ಡಿನವನು ಆಗಲೇ ಎಡಗೈ ಬೆರಳುಗಳ ನೆಟಿಗೆ ಮುರಿಯುತ್ತಿದ್ದ. ಎರಡನೇ ಹಾಡು ಶುರುವಾಯಿತು. ಗುಮಾಸ್ತ ಕಣ್ಣು ಮುಚ್ಚಿ ಮೂರನ್ನೂ ಒತ್ತಿ ತಂತಿ ಮೀಟಿದ.

ಕುರ್ಚಿಗಳು ನಡುಗಿದವು. ಇಡೀ ಹಾಲು ತಿರುಗಿ ನೋಡಿತು, ಅವನನ್ನಲ್ಲ, ಅವನ ಹಿಂದಿನ ಗೋಡೆಯನ್ನು. ಆ ಮೂರ್ಖ ಪ್ಲಂಬರ್ ಪಂಪ್ ಹಾಕಿಯೇಬಿಟ್ಟ ಎನ್ನುತ್ತಾ ಓವರ್‌ಸಿಯರ್ ಮುಂದಿನ ಸಾಲಿನಿಂದ ಜಿಗಿದರು. ಪಂಪ್ ಕೋಣೆಯವರೆಗೆ ಹೋಗುವಷ್ಟು ತಾಳ್ಮೆ ಅವರಿಗಿರಲಿಲ್ಲ; ಬಾಗಿಲ ಪಕ್ಕದ ಮೇನ್ ಸ್ವಿಚ್ಚನ್ನೇ ಎಳೆದರು. ದೀಪ, ಫ್ಯಾನು, ಹಾಡು, ಬೇಸು ಎಲ್ಲವೂ ಒಟ್ಟಿಗೆ ನಿಂತವು. ನೋಡಿದ್ರಾ, ನಿಂತಿತು ಎಂದು ಕತ್ತಲಲ್ಲಿ ಅವರ ದನಿ ಕೇಳಿತು. ಆ ಸಂಜೆಯ ದೊಡ್ಡ ಚಪ್ಪಾಳೆ ಬಿದ್ದದ್ದು ಅದಕ್ಕೇ. ದೀಪ ಬಂದ ಮೇಲೆ ಸಭೆ ಹೊಸ ಪಂಪ್ ತರುವುದೆಂದು ಒಮ್ಮತದಿಂದ ತೀರ್ಮಾನಿಸಿತು.

ಸಾಮಾನು ಕಟ್ಟುವಾಗ ಭಾವಮೈದುನ ಹತ್ತಿರ ಬಂದು ಹೆಗಲ ಮೇಲೆ ಕೈಯಿಟ್ಟ.

"ನಿಮ್ಮ ಟೈಮೇ ಸರಿಯಿಲ್ಲ ಭಾವ. ಇವತ್ತಾದ್ರೂ ಕೇಳ್ಸುತ್ತೇನೋ ಅಂತಿದ್ದೆ. ಆ ದರಿದ್ರ ಪಂಪಿನ ಗಲಾಟೇಲಿ ನೀವು ನುಡಿಸಿದ್ದು ಒಂಚೂರೂ ಕೇಳ್ಸಲಿಲ್ಲ."

ಅದು ನಾನೇ ಕಣೋ ಎಂಬ ಮಾತು ನಾಲಿಗೆಯ ತುದಿಗೆ ಬಂತು. ಅಷ್ಟರಲ್ಲಿ ಓವರ್‌ಸಿಯರ್, ಅವರ ಹಿಂದೆ ಖಾಲಿ ಬಕೆಟಿನ ಸಂಸಾರಗಳು ಸಾಲಾಗಿ ಹಾದುಹೋದವು. ಗುಮಾಸ್ತ ಮಾತು ನುಂಗಿಕೊಂಡ. ಕೀಬೋರ್ಡಿನವನು ಎಡಗೈಯಲ್ಲೇ ಟಾಟಾ ಮಾಡಿ ಹೊರಟ.

ಹಾಲು ಖಾಲಿಯಾದ ಮೇಲೆ ಪ್ಲಂಬರ್ ಕೈ ಒರೆಸಿಕೊಳ್ಳುತ್ತಾ ಬಂದ. ಮೂರು ಪೆಡಲುಗಳ ಮುಂದೆ ಕುಕ್ಕರಗಾಲಲ್ಲಿ ಕೂತು ಅವುಗಳನ್ನೇ ಭಕ್ತಿಯಿಂದ ನೋಡಿದ.

"ಅಣ್ಣ, ಆಗ ಪಂಪ್ ಘರ್ರ್ ಅಂತು ಅಂದ್ರಲ್ಲ ಎಲ್ರೂ, ಅದು ನನ್ ಮುಂದೆ ಪೇಪರ್ ಮೇಲೆ ಆರು ತುಂಡಾಗಿ ಬಿದ್ದಿತ್ತು."

ಗುಮಾಸ್ತನ ಕೈಯಿಂದ ವೈರು ಜಾರಿತು.

"ಹೆದರ್ಬೇಡಿ, ನಾನೇ ಟೆಸ್ಟ್ ಮಾಡ್ತಿದ್ದೆ ಅಂತ ಹೇಳಿದೀನಿ. ಭಾರೀ ಚೆನ್ನಾಗಿದೆ ನಿಮ್ಮ ಸೌಂಡು. ಹೊಸ ಪಂಪ್ ಹಾಕೋ ಕೆಲಸ ನಂಗೇ ಸಿಕ್ತು." ಅವನು ದನಿ ತಗ್ಗಿಸಿದ. "ಎದುರಿನ ಬಿಲ್ಡಿಂಗಲ್ಲಿ ನಾಲ್ಕು ಪಂಪಿದೆ. ಮುಂದಿನ ಭಾನುವಾರ ಬಿಡುವಿದ್ಯಾ?"

ಬಿಡುವಿತ್ತು. ಇನ್ನು ಎಲ್ಲ ಭಾನುವಾರವೂ ಬಿಡುವೇ.